ಮೈಸುತ್ತು, ಗುಡಿಸುತ್ತು

ಅವರು ಹಸನ್ಮುಖಿಯಾಗಿರಲಿಲ್ಲ. ಅವರು ತೀರಿಕೊಂಡ ಸುದ್ದಿ ನಮ್ಮ ಶಾಲೆಯ ಹಳೆಯ ಶಿಕ್ಷಕರ ವಾಟ್ಸ್ಆ್ಯಪ್ ಗುಂಪಿಗೆ ಬಂದ ಸ್ವಲ್ಪ ಹೊತ್ತಿಗೇ ‘ಸದಾ ಹಸನ್ಮುಖಿ’, ‘ತಾಳ್ಮೆಯ ಸಾಕಾರಮೂರ್ತಿ’, ‘ಮಾತೃಹೃದಯಿ’ ಎಂಬ ಮಾತುಗಳು ಕೈಮುಗಿದ ಚಿತ್ರಗಳ ಜೊತೆ ಸಾಲಾಗಿ ಬರತೊಡಗಿದವು. ಓದುತ್ತಾ ಓದುತ್ತಾ ನನಗೆ ಬೇರೆ ಯಾರೋ ಸತ್ತಿದ್ದಾರೆ ಅನ್ನಿಸಿತು. ನಾನು ಬಲ್ಲವರು ಹುಬ್ಬು ಗಂಟಿಕ್ಕಿಕೊಂಡೇ ಇರುತ್ತಿದ್ದರು. ಎದುರಿನವರು ಒಂದು ಮಾತಾಡಿದರೆ ಆ ಮಾತು ಎಲ್ಲಿ ಸಡಿಲವಾಗಿದೆ ಎಂದು ಹುಡುಕುತ್ತಿದ್ದರು. ಸಿಕ್ಕರೆ ಬಿಡುತ್ತಿರಲಿಲ್ಲ. ತಾಳ್ಮೆಯಂತೂ ಇರಲೇ ಇಲ್ಲ. ಗುಂಪಿನಲ್ಲಿ ನಾನು ಏನೂ ಬರೆಯದೆ ಫೋನು ಮಗುಚಿಟ್ಟೆ.

ಹಾಗಂತ ನನ್ನ ನೆನಪನ್ನೂ ನಾನು ಪೂರ್ತಿ ನಂಬುವುದಿಲ್ಲ. ಅದು ಯಾವಾಗ ಒಪ್ಪವಾಗಿ, ಮೊದಲು ಕೊನೆ ಜೋಡಿಸಿಕೊಂಡು ಬರುತ್ತದೋ ಆಗೆಲ್ಲ ನನಗೆ ಅನುಮಾನ. ಖಾತ್ರಿಯಿಲ್ಲದ ಕಡೆ ಖಾತ್ರಿಯಿಲ್ಲ ಎಂದೇ ಹೇಳುತ್ತೇನೆ. ಅವರಿದ್ದಿದ್ದರೆ ಅಷ್ಟನ್ನಾದರೂ ಕೇಳುತ್ತಿದ್ದರು.

ಆಂಡರ್ಸನ್‌ಪೇಟೆಯ ಒಂದು ಖಾಸಗಿ ಶಾಲೆಯಲ್ಲಿ ಅವರು ಸಮಾಜ ವಿಜ್ಞಾನ ಹೇಳುತ್ತಿದ್ದರು, ನಾನು ಕನ್ನಡ. ಅವರು ಬಂಗಾರಪೇಟೆಯ ಆಚೆಯ ಹಳ್ಳಿಯವರು. ತಮ್ಮ, ತಮ್ಮನ ಹೆಂಡತಿ, ಅವರ ಹಸುಗಳು, ಡೇರಿಗೆ ಹಾಕುವ ಹಾಲು, ಇದು ಮನೆ. ಮದುವೆಯಾಗಿರಲಿಲ್ಲ. ಯಾಕೆ ಎಂದು ನಾನು ಕೇಳಲಿಲ್ಲ, ಅವರು ಹೇಳಲಿಲ್ಲ. ಬಂಗಾರಪೇಟೆಯಲ್ಲಿ ಇಬ್ಬರೂ ರೈಲು ಹತ್ತಿ, ಉರಿಗಾಂನಲ್ಲಿ ಇಳಿದು, ಅಲ್ಲಿಂದ ಶೇರ್ ಆಟೋ. ನಾನು ಅವರನ್ನು ಅಕ್ಕ ಎನ್ನುತ್ತಿದ್ದೆ. ಮಕ್ಕಳು ಬೆನ್ನ ಹಿಂದೆ ‘ಸುತ್ತು ಮಿಸ್’ ಎನ್ನುತ್ತಿದ್ದವು. ಆ ಹೆಸರು ಅವರಿಗೆ ಗೊತ್ತಿತ್ತು, ಬೇಸರವಿರಲಿಲ್ಲ ಎಂದು ಬರೆಯಲು ಹೊರಟೆ. ಬೇಸರವಿತ್ತೋ ಇಲ್ಲವೋ ನನಗೆ ತಿಳಿಯದು. ಗೊತ್ತಿತ್ತು, ಅಷ್ಟು ನಿಜ.

ಹಕಾರ ಅವರ ಜೊತೆ ಶಾಲೆಯ ಗೇಟಿನೊಳಕ್ಕೆ ಬರುತ್ತಿತ್ತು, ಸಂಜೆ ಗೇಟಿನಲ್ಲೇ ಉಳಿದುಕೊಳ್ಳುತ್ತಿತ್ತು. ತರಗತಿಯಲ್ಲಿ ‘ಹೋಗು, ಹೇಳು, ಹಾಗಲ್ಲ’ ಎಂದು ಅಚ್ಚಿನ ಕನ್ನಡ. ರೈಲಿನಲ್ಲಿ ಕೂತರೆ ‘ಓಗು, ಏಳು, ಅಂಗಲ್ಲ ಕಣಮ್ಮ’.

ಬಂಗಾರಪೇಟೆ ಜಂಕ್ಷನ್ನಿನಲ್ಲಿ ಅವರಿಗೊಂದು ಆಟವಿತ್ತು. ನಮ್ಮ ರೈಲು ನಿಂತಿರುವಾಗ ಪಕ್ಕದ ಹಳಿಯಲ್ಲಿ ಇನ್ನೊಂದು ರೈಲು ನಿಂತಿರುತ್ತಿತ್ತು. ಎರಡರಲ್ಲಿ ಒಂದು ಹೊರಡುತ್ತಿತ್ತು. ಕಿಟಕಿಯ ಪಕ್ಕ ಕೂತ ನನ್ನ ಮೊಣಕೈ ತಿವಿದು ಕೇಳುತ್ತಿದ್ದರು.

“ಯಾವ್ದು ಒಂಟ್ತು ಏಳು, ಬೇಗ.”

“ನಮ್ದೇ ಅಕ್ಕ.”

“ತೂ. ಆ ಕಡೆ ಕಂಬ ನೋಡಮ್ಮ. ಕಂಬ ಅಲ್ಲೇ ಐತಾ? ಐತೆ. ಮತ್ತೆ ನಮ್ದು ಎಲ್ಲಿ ಒಂಟ್ತು? ಕನ್ನಡ ಮೇಷ್ಟ್ರುಗಳೆಲ್ಲ ಇಂಗೇ. ಕಂಡಿದ್ದನ್ನ ನಂಬ್‌ಬುಡ್ತೀರ.”

ಕಂಡಿದ್ದನ್ನು ನಂಬುವುದು ಅವರ ಲೆಕ್ಕದಲ್ಲಿ ಸೋಮಾರಿತನ. ನನ್ನ ಮೇಲೆ ಅವರಿಗಿದ್ದ ದೊಡ್ಡ ದೂರೂ ಅದೇ. “ನಿನ್ನ ಪದ್ಯದಾಗೆ ದಿನಾ ಸೂರ್ಯ ಉಟ್ತಾನೆ, ಏರ್ತಾನೆ, ಮುಳುಗ್ತಾನೆ. ನೀನು ಪಿರಿಯಡ್ ಮುಗ್ಸಿ ಓದ್ಮೇಲೆ ನಾನು ಬಂದು ಅವನ್ನ ಇಡ್ದು ನಿಲ್ಲಿಸ್ಬೇಕು.” ಅವರ ತರಗತಿಯಲ್ಲಿ ಸೂರ್ಯ ಹುಟ್ಟಿದ ಎಂದು ಯಾರಾದರೂ ಬಾಯಿ ಜಾರಿದರೆ ಸೀಮೆಸುಣ್ಣದ ಚೂರು ಹಾರುತ್ತಿತ್ತು. ಗುರಿಗೆ ಮಾತ್ರ ಯಾವತ್ತೂ ಸರಿಯಾಗಿ ತಾಗುತ್ತಿರಲಿಲ್ಲ.

ಭೂಮಿಯ ಪಾಠವೆಂದರೆ ಅವರಿಗೆ ಹಬ್ಬ ಮತ್ತು ಸಂಕಟ ಎರಡೂ. ಭೂಮಿ ತನ್ನ ಸುತ್ತ ತಾನೇ ತಿರುಗುವುದಕ್ಕೆ ಪುಸ್ತಕದಲ್ಲಿ ಭ್ರಮಣ ಎಂದಿತ್ತು, ಸೂರ್ಯನ ಸುತ್ತ ಹೋಗಿ ಬರುವುದಕ್ಕೆ ಪರಿಭ್ರಮಣ. ಮಕ್ಕಳು ಪ್ರತಿ ವರ್ಷ ಅದಲು ಬದಲು ಮಾಡುತ್ತಿದ್ದವು. “ಒಂದು ‘ಪರಿ’ ಅಂಟಿಸಿದ ತಕ್ಷಣ ಭೂಮಿ ಎದ್ದು ಸೂರ್ಯನ ಸುತ್ತ ಹೋಗಿಬಿಡುತ್ತಾ?” ಎಂದು ಸ್ಟಾಫ್ ರೂಮಿನಲ್ಲಿ ಪುಸ್ತಕವನ್ನೇ ಗದರಿಸುತ್ತಿದ್ದರು. ಸುಲಭದ ಮಾತಿನಲ್ಲಿ ಹೇಳೋಣವೆಂದರೆ ಇನ್ನೂ ಕಷ್ಟ. ನಮ್ಮ ಮಕ್ಕಳು ಮನೆಯಲ್ಲಿ ಮೂರು ಭಾಷೆಯವರು. ಕನ್ನಡದಲ್ಲಿ ಸುತ್ತು ಎಂದರೆ ನಿಂತಲ್ಲೇ ತಿರುಗುವುದೂ ಹೌದು, ಇನ್ನೊಂದರ ಸುತ್ತ ಬರುವುದೂ ಹೌದು. ತಮಿಳಿನಲ್ಲೂ ಅದೇ ಸುತ್ತು, ಅದೇ ತೊಂದರೆ. ತೆಲುಗಿನ ತಿರುಗು ಎರಡಕ್ಕೂ ಆಗುತ್ತದೆ, ಮೇಲಾಗಿ ಅಲೆಮಾರಿತನಕ್ಕೂ. ಮೂರು ಭಾಷೆ ಬರುವ ಮಗುವಿಗೆ ಮೂರರಲ್ಲೂ ಒಂದೇ ಗೊಂದಲ.

ಅವರು ಹುಡುಕಿಕೊಂಡ ದಾರಿ ಗುಡಿಯದು. ನಮ್ಮ ಕಡೆ ಹೆಂಗಸರು ಮೊದಲು ಗುಡಿಯನ್ನು ಸುತ್ತು ಹಾಕಿ ಬರುತ್ತಾರೆ. ಆಮೇಲೆ ದೇವರ ಎದುರು ನಿಂತು, ಕೈಮುಗಿದುಕೊಂಡು, ನಿಂತಲ್ಲೇ ಒಮ್ಮೆ ತಮ್ಮ ಸುತ್ತ ತಾವೇ ತಿರುಗುತ್ತಾರೆ. ಅಕ್ಕ ಮೊದಲನೆಯದಕ್ಕೆ ಗುಡಿಸುತ್ತು ಎಂದು ಹೆಸರಿಟ್ಟರು, ಎರಡನೆಯದಕ್ಕೆ ಮೈಸುತ್ತು. ಭೂಮಿಯ ಮೈಸುತ್ತಿನಿಂದ ಹಗಲು ರಾತ್ರಿ, ಗುಡಿಸುತ್ತಿನಿಂದ ವರ್ಷ. ಮಕ್ಕಳಿಗೆ ಅರ್ಥವಾಗಲು ಒಂದು ನಿಮಿಷವೂ ಹಿಡಿಯಲಿಲ್ಲವಂತೆ.

ಆದರೆ ಹೆಸರು ಉಳಿಯಲು ಸ್ವಲ್ಪ ಹೆಣಗಾಡಿತು. ಎರಡನೇ ಬೆಂಚಿನ ಒಬ್ಬ ಎದ್ದು, “ಮಿಸ್, ನಾಂಗ ಚರ್ಚ್‌ಗೆ ಓಗೋದು ಮಿಸ್. ಗುಡಿಗೆ ಓಗಲ್ಲ” ಎಂದ. “ಸರಿ, ನಿನಗೆ ಚರ್ಚ್‌ಸುತ್ತು” ಎಂದರು. ಅವನ ಹಿಂದಿದ್ದ ಹುಡುಗಿ, “ನಂಗೆ ಮಿಸ್?” ಎಂದಳು. “ನಿಮ್ಮಜ್ಜಿ ಹಜ್‌ಗೆ ಹೋಗಿ ಸುತ್ತಿ ಬಂದಿದ್ದಾರಲ್ಲ, ಅವರನ್ನು ಕೇಳಿಕೊಂಡು ಬಾ, ಅದೇ ಹೆಸರು ಇಟ್ಟುಕೋ.” ಆಮೇಲೆ ಎಲ್ಲರಿಗೂ ಒಂದೇ ಆಗಲಿ ಎಂದು ಊರುಸುತ್ತು ಎಂದು ಬದಲಾಯಿಸಿದರು. ಊರು ಸುತ್ತುವುದು ಎಂದರೆ ಕೆಲಸವಿಲ್ಲದೆ ತಿರುಗುವುದು ತಾನೇ. ಭೂಮಿ ವರ್ಷವಿಡೀ ಊರು ಸುತ್ತುತ್ತದೆ ಎಂದ ತಕ್ಷಣ ತರಗತಿ ಬಿದ್ದು ಬಿದ್ದು ನಕ್ಕಿತು. ಚರ್ಚಿನ ಹುಡುಗನೇ “ಗುಡಿಸುತ್ತೇ ಇರಲಿ ಬಿಡಿ ಮಿಸ್” ಎಂದನಂತೆ.

ಒಂದು ದಿನ ಹೆಡ್‌ಮಾಸ್ಟರು ಹಾದು ಹೋಗುವಾಗ ಬೋರ್ಡಿನ ಮೇಲೆ ದಪ್ಪಕ್ಷರದಲ್ಲಿ ‘ಭೂಮಿ, ಗುಡಿಸುತ್ತು’ ಎಂದು ಬರೆದದ್ದು ಕಂಡು ನಿಂತರು.

“ಏನ್ ಮೇಡಂ, ಭೂಮಿ ಗುಡಿಸುತ್ತಾ?”

“ಹೌದು ಸಾರ್.”

“ಮತ್ತೆ ಆಯಾಗೆ ಯಾಕೆ ಸಂಬಳ ಕೊಡ್ತಿದ್ದೀವಿ?”

ಇದನ್ನು ಅಕ್ಕ ನನಗೆ ರೈಲಿನಲ್ಲಿ ಹೇಳಿದರು, ನಗದೆ. ನಾನು ನಕ್ಕಿದ್ದಕ್ಕೆ ಹುಬ್ಬು ಗಂಟಿಕ್ಕಿದರು. ಆಮೇಲೆ ಕೋರಮಂಡಲ್ ನಿಲ್ದಾಣ ದಾಟಿದ ಮೇಲೆ, ಕಿಟಕಿಯ ಕಡೆ ಮುಖ ತಿರುಗಿಸಿಕೊಂಡು, ಒಬ್ಬರೇ ನಗತೊಡಗಿದರು. ಭುಜ ಅಲುಗಾಡುತ್ತಿದ್ದದ್ದರಿಂದ ನನಗೆ ತಿಳಿಯಿತು.

ಪಾಠ ಶಾಲೆಯ ಅಂಗಳದಲ್ಲಿ ನಡೆಯುತ್ತಿತ್ತು. ಧ್ವಜದ ಕಂಬ ಸೂರ್ಯ. ಮಕ್ಕಳು ಮೈಸುತ್ತು ಹಾಕುತ್ತಾ ಕಂಬಕ್ಕೆ ಗುಡಿಸುತ್ತು ಬರಬೇಕು. ಮೊದಲು ಅವರೇ ಸೆರಗು ಸೊಂಟಕ್ಕೆ ಸಿಕ್ಕಿಸಿ ಮಾಡಿ ತೋರಿಸುತ್ತಿದ್ದರು. ಧೂಳೆದ್ದು, ಗ್ರಹಗಳು ಒಂದರ ಮೇಲೊಂದು ಬಿದ್ದು, ಪಕ್ಕದ ತರಗತಿಯಲ್ಲಿ ನನ್ನ ವ್ಯಾಕರಣ ಕೇಳುವವರಿಲ್ಲದಂತಾಗುತ್ತಿತ್ತು. ಶುಕ್ರನ ಪಾತ್ರ ಯಾರಿಗೂ ಬೇಡ. ಶುಕ್ರ ತನ್ನ ಸುತ್ತ ಎಷ್ಟು ನಿಧಾನವಾಗಿ ತಿರುಗುತ್ತದೆಂದರೆ ಒಂದು ಮೈಸುತ್ತು ಮುಗಿಯುವ ಮೊದಲೇ ಸೂರ್ಯನ ಸುತ್ತ ಒಂದು ಗುಡಿಸುತ್ತು ಮುಗಿದಿರುತ್ತದೆ.

“ನಮ್ಮ ತಮ್ಮನ ಎಂಡ್ತಿ ಶುಕ್ರ ಗ್ರಹ ಕಣಮ್ಮ,” ಎನ್ನುತ್ತಿದ್ದರು ರೈಲಿನಲ್ಲಿ. “ಅವಳು ತಲೆ ಬಾಚ್ಕೊಂಡು ಒರಗೆ ಬರೋದ್ರೊಳಗೆ ವರ್ಸ ತಿರ್ಗಿರ್ತದೆ.”

ತನಿಖೆಗೆ ಬಂದ ಅಧಿಕಾರಿಯೊಬ್ಬರ ಪ್ರಸಂಗವನ್ನು ಎಲ್ಲರೂ ಹೇಳುತ್ತಾರೆ, ಎಲ್ಲರೂ ಬೇರೆ ಬೇರೆ ಹೇಳುತ್ತಾರೆ. ಅವರು ತರಗತಿಗೆ ಬಂದು, “ಭೂಮಿ ಒಂದು ಸುತ್ತು ಸುತ್ತಲು ಎಷ್ಟು ಕಾಲ ಬೇಕು?” ಎಂದು ಕೇಳಿದ್ದು, ಹಿಂದಿನ ಬೆಂಚಿನಿಂದ ಒಬ್ಬಳು “ಯಾವ ಸುತ್ತು ಸಾರ್?” ಎಂದು ಕೇಳಿದ್ದು, ಇಷ್ಟು ನಡೆದಿದೆ. ಅಧಿಕಾರಿ ಸಿಟ್ಟಾದರು, ವರದಿಯಲ್ಲಿ ಏನೋ ಬರೆದರು ಎಂದು ಗಣಿತದ ಮೇಷ್ಟ್ರು ಹೇಳುತ್ತಾರೆ. ನನ್ನ ನೆನಪಿನಲ್ಲಿ ಅವರು ಒಂದು ಕ್ಷಣ ಯೋಚಿಸಿ, “ಹೌದಲ್ಲ” ಎಂದು ಕುರ್ಚಿ ಎಳೆದುಕೊಂಡು ಕೂತರು. ನನಗೆ ಹೀಗಾದದ್ದು ಇಷ್ಟ, ಅದಕ್ಕೇ ನನ್ನ ನೆನಪಿನ ಮೇಲೆ ಅನುಮಾನ.

ಇನ್ನು ಅವರು ಬಿದ್ದ ದಿನ.

ಅಂಗಳದಲ್ಲಿ, ಕಂಬದ ಪಕ್ಕ, ಮೈಸುತ್ತು ತೋರಿಸುತ್ತಾ ಬಿದ್ದರು. ಮಕ್ಕಳು ಅದೂ ಪಾಠದ ಭಾಗ ಎಂದುಕೊಂಡು ತಾವೂ ಬಿದ್ದವು. ಅಕ್ಕ ಏಳದಿದ್ದಾಗ ಒಬ್ಬಳು ಕಿರುಚಿದಳು. ನಾನು ಓಡಿ ಹೋದಾಗ ಕಣ್ಣು ಗಟ್ಟಿಯಾಗಿ ಮುಚ್ಚಿಕೊಂಡು, ಎರಡೂ ಕೈಯಲ್ಲಿ ನೆಲ ಹಿಡಿದುಕೊಂಡಿದ್ದರು. ನೆಲವನ್ನು ಹೇಗೆ ಹಿಡಿದುಕೊಳ್ಳುತ್ತಾರೆ ಎಂದು ಕೇಳಬೇಡಿ. ಬೆರಳು ಮಣ್ಣಿನೊಳಕ್ಕೆ ಹೋಗಿತ್ತು.

“ತಲೆ ಸುತ್ತು ಕಣಮ್ಮ,” ಎಂದರು. ಗೇಟಿನೊಳಗೇ ಇದ್ದೆವು, ಆದರೂ “ಏನಿಲ್ಲ, ಓಗು, ಮಕ್ಳನ್ನ ಒಳಗೆ ಕಳ್ಸು” ಎಂದರು.

ಅದು ಮೊದಲನೆಯ ಸಲವಲ್ಲ ಎಂದು ಆಮೇಲೆ ತಿಳಿಯಿತು. ಹಾಸಿಗೆಯಲ್ಲಿ ಮಗ್ಗುಲು ಬದಲಿಸಿದರೆ, ಅಟ್ಟದ ಮೇಲಿನ ಡಬ್ಬಿಗೆ ಕತ್ತು ಎತ್ತಿದರೆ, ಹಸುವಿನ ಹಗ್ಗಕ್ಕೆ ಬಗ್ಗಿದರೆ ಬರುತ್ತಿತ್ತಂತೆ. ಮನೆಯಲ್ಲಿ ಹೇಳಿರಲಿಲ್ಲ. ಹೇಳಿದರೆ ಕೆಲಸ ಬಿಡು ಎನ್ನುತ್ತಾರೆ.

ಹೆಡ್‌ಮಾಸ್ಟರು ಕೆಟ್ಟವರಲ್ಲ. ಆದರೆ ಒಂದಿಬ್ಬರು ತಂದೆತಾಯಿಗಳು ಬಂದು ಕೇಳಿದ್ದರು. ಅಕ್ಕನನ್ನು ಕರೆದು, “ಮೇಡಂ, ನೀವು ಮೆಟ್ಟಿಲ ಮೇಲೆ ಬಿದ್ದರೆ ನಾನು ಯಾರಿಗೆ ಉತ್ತರ ಕೊಡಲಿ? ಸ್ವಲ್ಪ ದಿನ ಆಫೀಸಿನಲ್ಲಿ ಕೂತಿರಿ. ಗುಣವಾಗಲಿ, ನೋಡೋಣ” ಎಂದರು. ಕೇಳಲು ದಯೆಯ ಮಾತು. ಆದರೆ ನಮ್ಮ ಶಾಲೆಯಲ್ಲಿ ಆಫೀಸಿನಲ್ಲಿ ಕೂತ ಮೇಡಂ ಮುಂದಿನ ಜೂನ್‌ಗೆ ಬರುವುದಿಲ್ಲ ಎಂಬುದು ಎಲ್ಲರಿಗೂ ಗೊತ್ತಿತ್ತು. ಅವರ ತರಗತಿಗೆ ಹೊಸ ಹುಡುಗಿಯೊಬ್ಬಳನ್ನು ಆಗಲೇ ನೋಡಿ ಇಟ್ಟಿದ್ದರು. ಅಕ್ಕನಿಗೆ ಇದ್ದದ್ದು ಆ ತರಗತಿಯೊಂದೇ. ಅದು ಹೋದರೆ ತಮ್ಮನ ಮನೆ, ತಮ್ಮನ ಹಸುಗಳು.

“ಅತ್ತಿಗೆ, ಬಿಟ್‌ಬುಡಿ ಆ ಇಸ್ಕೂಲು,” ಎಂದು ತಮ್ಮನ ಹೆಂಡತಿ ನನ್ನೆದುರೇ ಹೇಳಿದಳು. “ನಮ್ ಅಸ ನಿಮ್ ಮಾತು ಕೇಳ್ತವೆ. ಆ ಮಕ್ಳು ಕೇಳ್ತವಾ?”

“ಅಸಕ್ಕೆ ಏನು ಏಳ್ಕೊಡ್ಲೇ ನಾನು?”

“ಏಳ್ಕೊಡೋದ್ಯಾಕೆ? ಸುಮ್ನೆ ಜೊತೇಲಿರಿ.”

ಒಳ್ಳೆಯ ಹೆಂಗಸು. ನಿಜವಾಗಿಯೂ ಪ್ರೀತಿಯಿಂದ ಹೇಳಿದಳು. ಅಕ್ಕನ ಮುಖ ಬಿಳಿಚಿಕೊಂಡಿತು.

ಆ ವಾರವೇ ಬಂಗಾರಪೇಟೆಯ ಒಬ್ಬ ಡಾಕ್ಟರ ಹತ್ತಿರ ಹೋದೆವು. ಅವರು ಸರಿಯಾದ ಪ್ರಶ್ನೆಯನ್ನೇ ಕೇಳಿದರು. ಅದನ್ನು ಒತ್ತಿ ಹೇಳಬೇಕು.

“ಹೆಂಗಾಗುತ್ತೆ ಹೇಳಿ. ನೀವು ಸುತ್ತಿದ ಹಾಗಾ, ಕೋಣೆ ಸುತ್ತಿದ ಹಾಗಾ?”

ಅಕ್ಕ ಬೆನ್ನು ನೆಟ್ಟಗೆ ಮಾಡಿ ಕೂತರು. ಇಂಥ ಪ್ರಶ್ನೆಯನ್ನು ಯಾರಾದರೂ ತಮ್ಮನ್ನು ಕೇಳಲಿ ಎಂದು ಜೀವಮಾನವಿಡೀ ಕಾದಿದ್ದವರ ಹಾಗೆ.

“ನಾನೇ ಡಾಕ್ಟ್ರೇ.”

“ಕೋಣೆ ಸುತ್ತಲ್ವಾ?”

“ಕೋಣೆ ಎಲ್ಲಿ ಸುತ್ತುತ್ತೆ? ಅದು ಇದ್ದಲ್ಲೇ ಇರುತ್ತೆ.”

“ಗೋಡೆ, ಕಿಟಕಿ, ಏನಾದ್ರೂ ತಿರುಗಿದ ಹಾಗೆ...”

“ಇಲ್ಲ ಡಾಕ್ಟ್ರೇ. ತಿರುಗಿದ್ರೆ ನಾನು ತಿರುಗಬೇಕು.”

ಡಾಕ್ಟರು ತಲೆಯಾಡಿಸಿ, ನಿಶ್ಶಕ್ತಿ ಎಂದರು. ರಕ್ತ ಕಡಿಮೆಯಿದೆ, ಹೊತ್ತಿಗೆ ಸರಿಯಾಗಿ ಊಟ ಮಾಡಿ, ಟಾನಿಕ್ ಕುಡಿಯಿರಿ. ಹೊರಗೆ ಬಂದ ಮೇಲೆ ಅಕ್ಕ ಬಹಳ ದಿನಗಳ ಮೇಲೆ ಗೆಲುವಾಗಿ ಕಂಡರು. “ಒಳ್ಳೆ ಡಾಕ್ಟ್ರು ಕಣಮ್ಮ. ವ್ಯತ್ಯಾಸ ಗೊತ್ತು.”

ಅವರು ಟಾನಿಕ್ ಕುಡಿದರು. ತಿಂಗಳುಗಳು ಹೋದವು. ತಲೆ ಸುತ್ತುವುದು ನಿಲ್ಲಲಿಲ್ಲ. ಆಫೀಸಿನ ಮೂಲೆಯ ಮೇಜಿನಲ್ಲಿ ಕೂತು ದಾಖಲಾತಿ ಅರ್ಜಿಗಳಿಗೆ ಫೋಟೋ ಅಂಟಿಸುತ್ತಿದ್ದರು. ಅಂಗಳದಲ್ಲಿ ಮಕ್ಕಳ ಗಲಾಟೆ ಕೇಳಿಸಿದರೆ ಕತ್ತು ತಿರುಗಿಸಲು ಹೋಗಿ ಮೇಜು ಹಿಡಿದುಕೊಳ್ಳುತ್ತಿದ್ದರು. ಹೊಸ ಹುಡುಗಿ ಅವರ ತರಗತಿಯಲ್ಲಿ ಭೂಮಿಯ ಪಾಠವನ್ನು ಪುಸ್ತಕದಿಂದ ಓದಿಸುತ್ತಿದ್ದಳು. ಭ್ರಮಣ, ಪರಿಭ್ರಮಣ, ಮಕ್ಕಳು ಒಟ್ಟಿಗೆ ಕೂಗುತ್ತಿದ್ದದ್ದು ಗೋಡೆಯ ಈಚೆಗೆ ಕೇಳಿಸುತ್ತಿತ್ತು. ಅಕ್ಕ ಗೋಂದಿನ ಬಾಟಲಿಯ ಮುಚ್ಚಳ ತಿರುಗಿಸುತ್ತಾ ಕೂತಿರುತ್ತಿದ್ದರು.

ಮನೆಯಲ್ಲಿ ತಮ್ಮನ ಹೆಂಡತಿ ದೃಷ್ಟಿ ತೆಗೆಯತೊಡಗಿದಳು. “ಉಪ್ಪು ಮೆಣ್ಸಿನ್ಕಾಯಿ ಇಡ್ಕೊಂಡು ನನ್ನ ಸುತ್ತ ಸುತ್ತಿಸ್ತಾಳೆ,” ಎಂದರು ಅಕ್ಕ. “ನಾನು ಸೂರ್ಯ ಆಗೋದೆ ಕಣಮ್ಮ.” ಅದನ್ನು ಹೇಳುವಾಗ ಅವರ ದನಿಯಲ್ಲಿ ಮೊದಲಿನ ಚುರುಕಿರಲಿಲ್ಲ. ಮೇ ತಿಂಗಳು ಹತ್ತಿರ ಬರುತ್ತಿತ್ತು.

ಕೆಜಿಎಫ್‌ನಲ್ಲಿ ಕಿವಿ ಮೂಗು ಗಂಟಲಿನ ಡಾಕ್ಟರೊಬ್ಬರು ಹೊಸದಾಗಿ ಬಂದಿದ್ದಾರೆ ಎಂದು ನಮ್ಮ ಆಟೋದವನು ಹೇಳಿದ. ಅಕ್ಕನಿಗೆ ಇಷ್ಟವಿರಲಿಲ್ಲ. “ತಲೆ ಸುತ್ತಿದ್ರೆ ಕಿವಿ ಡಾಕ್ಟ್ರು ಯಾಕೆ?” ನಾನು ಹಟ ಮಾಡಿ ಕರೆದುಕೊಂಡು ಹೋದೆ. ಹಟ ಮಾಡಿದ್ದು ನಾನೋ ಆಟೋದವನೋ ಈಗ ನೆನಪಿಲ್ಲ. ಮೂವರೂ ಹೋಗಿದ್ದಂತೂ ಹೌದು, ಅವನು ಹೊರಗೆ ಕಾದಿದ್ದ.

ಡಾಕ್ಟರು ಚಿಕ್ಕ ವಯಸ್ಸಿನ ಹೆಂಗಸು. ತಮಿಳು ಬೆರೆತ ಕನ್ನಡ. ಮೊದಲ ಡಾಕ್ಟರ ಚೀಟಿ ನೋಡಿ ಅದೇ ಪ್ರಶ್ನೆ ಕೇಳಿದಳು. ಅಕ್ಕ ಅದೇ ಉತ್ತರ ಕೊಟ್ಟರು. ಕೋಣೆ ಸುತ್ತುವುದಿಲ್ಲ, ಅದು ಇದ್ದಲ್ಲೇ ಇರುತ್ತದೆ.

ಡಾಕ್ಟರು ಪೆನ್ನು ಕೆಳಗಿಟ್ಟಳು.

“ಅಮ್ಮ, ನೀವು ಟೀಚರಾ?”

“ಹೌದು.”

“ಅದಕ್ಕೇ. ನಿಜ ಏನು ಅಂತ ನಾನು ಕೇಳ್ತಾ ಇಲ್ಲ ಅಮ್ಮ. ಕೋಣೆ ಸುತ್ತಲ್ಲ ಅಂತ ನಂಗೂ ಗೊತ್ತು. ತಲೆ ಸುತ್ತು ಬಂದಾಗ ಕಣ್ಣು ಬಿಟ್ರೆ ಏನು ಕಾಣುತ್ತೆ? ಅದು ಹೇಳಿ ಸಾಕು.”

ಅಕ್ಕ ನನ್ನ ಕಡೆ ನೋಡಿದರು. ಆ ನೋಟ ನನಗೆ ಚೆನ್ನಾಗಿ ನೆನಪಿದೆ ಎಂದು ಅನ್ನಿಸುತ್ತದೆ. ಪರೀಕ್ಷೆಯಲ್ಲಿ ಪಕ್ಕದವರದ್ದು ನೋಡಿ ಬರೆಯಲು ಹೇಳಿದ್ದಾರೆಂಬ ಹಾಗೆ.

“ಕಾಣೋದಾ?” ಎಂದರು.

“ಕಾಣೋದು.”

“ಗೋಡೆ,” ಎಂದು ನಿಲ್ಲಿಸಿದರು. ಆಮೇಲೆ ಬಹಳ ಸಣ್ಣ ದನಿಯಲ್ಲಿ, “ಗೋಡೆ ಸುತ್ತುತ್ತೆ. ಕಿಟಕಿ ಸುತ್ತುತ್ತೆ. ಫ್ಯಾನು ಆಫ್ ಆಗಿದ್ರೂ ಸುತ್ತುತ್ತೆ. ಎಲ್ಲಾನೂ ಒಂದೇ ಕಡೆಗೆ ಎಳ್ಕೊಂಡು ಓಗ್ತದೆ” ಎಂದರು.

“ಇದನ್ನ ಮೊದಲ ಡಾಕ್ಟರ ಹತ್ರ ಯಾಕೆ ಹೇಳ್ಲಿಲ್ಲ?”

“ಅದು ಸುಳ್ಳಲ್ವಾ?”

ಡಾಕ್ಟರು ನಗಲಿಲ್ಲ. ಅದಕ್ಕೆ ಅವಳ ಮೇಲೆ ನನಗೆ ಇವತ್ತಿಗೂ ಗೌರವ. ಕಿವಿಯೊಳಗೆ ಸಣ್ಣ ಸಣ್ಣ ಹರಳುಗಳಿರುತ್ತವೆ, ಅವು ಜಾಗ ಬಿಟ್ಟು ಹೋದರೆ ತಲೆ ಅಲುಗಿಸಿದಾಗ ಎಲ್ಲ ಸುತ್ತಿದ ಹಾಗೆ ಕಾಣುತ್ತದೆ, ತಲೆಯನ್ನು ಒಂದು ಕ್ರಮದಲ್ಲಿ ತಿರುಗಿಸಿ ಅವನ್ನು ಜಾಗಕ್ಕೆ ಕಳಿಸಬಹುದು ಎಂದು ಹೇಳಿದಳು. ಟಾನಿಕ್ ಬೇಡ. ಆದರೆ ಮಾಡುವಾಗ ಒಂದು ಸಲ ಜೋರಾಗಿ ಸುತ್ತುತ್ತದೆ, ಹೆದರಬಾರದು, ಕಣ್ಣು ಮುಚ್ಚಬಾರದು.

ಹಾಸಿಗೆಯ ಮೇಲೆ ಕೂರಿಸಿ, ತಲೆಯನ್ನು ಎರಡೂ ಕೈಯಲ್ಲಿ ಹಿಡಿದು ಒಂದು ಕಡೆ ತಿರುಗಿಸಿ, ಥಟ್ಟನೆ ಹಿಂದಕ್ಕೆ ಮಲಗಿಸಿದಳು. ಅಕ್ಕ ನನ್ನ ಕೈ ಹಿಡಿದುಕೊಂಡರು. ಬಳೆ ಮುರಿದು ನನ್ನ ಮಣಿಕಟ್ಟಿಗೆ ಚುಚ್ಚಿತು.

“ಏನು ಕಾಣುತ್ತೆ ಅಮ್ಮ? ಹೇಳ್ತಾ ಇರಿ.”

“ಸುತ್ತುತ್ತೈತೆ! ಗೋಡೆ ಸುತ್ತುತ್ತೈತೆ! ಅಯ್ಯಯ್ಯೋ, ಕಪಾಟು ಬಂತು, ಕಿಟ್ಕಿ ಬಂತು, ನೀನು ಬಂದೆ, ಮತ್ತೆ ಕಪಾಟು, ಏನ್ ಇಂಗ್ ಓಡ್ತದೆ ಇದು!”

ಜೀವಮಾನವಿಡೀ ಆಡದಿದ್ದ ಮಾತನ್ನು ಅವರು ಕೂಗಿ ಕೂಗಿ ಆಡಿದರು. ಹೊರಗಿದ್ದ ಆಟೋದವನು ಬಾಗಿಲು ತೆರೆದು ಇಣುಕಿದ. ಡಾಕ್ಟರು ತಲೆಯನ್ನು ಇನ್ನೊಂದು ಕಡೆಗೆ, ಆಮೇಲೆ ಮೈಯನ್ನೇ ಆ ಕಡೆಗೆ ಹೊರಳಿಸಿ, ಕೊನೆಗೆ ನಿಧಾನವಾಗಿ ಎಬ್ಬಿಸಿ ಕೂರಿಸಿದಳು. ಅಕ್ಕ ಗೋಡೆಯನ್ನೇ ನೋಡುತ್ತಾ ಕೂತರು. ಗೋಡೆಯ ಮೇಲೆ ಕಿವಿಯ ಒಳಭಾಗದ ದೊಡ್ಡ ಬಣ್ಣದ ಚಿತ್ರವಿತ್ತು.

“ನಿಂತ್ತು,” ಎಂದರು.

ಇನ್ನೂ ಕೆಲವು ಸಲ ಹೋಗಿ ಮಾಡಿಸಿಕೊಳ್ಳಬೇಕಾಯಿತು. ಒಂದೇ ಸಲಕ್ಕೆ ಪವಾಡದಂತೆ ಗುಣವಾಯಿತು ಎಂದು ಹೇಳುವ ಆಸೆ ನನಗಿದೆ, ಆದರೆ ಹಾಗಾಗಲಿಲ್ಲ. ಆ ದಿನ ರೈಲಿನಲ್ಲಿ ಬಂಗಾರಪೇಟೆಗೆ ವಾಪಸಾದೆವು. ಇಳಿಯುವಾಗ, ಬಾಗಿಲಿನ ಕಂಬಿ ಹಿಡಿದುಕೊಂಡು, ನನ್ನ ಕಡೆ ತಿರುಗದೆ ಹೇಳಿದರು.

“ಇಷ್ಟು ದಿನ ಆ ಮಕ್ಳು ಬಾಯಿ ಮುಚ್ಸಿದ್ನಲ್ಲಮ್ಮ. ಅವುಕ್ಕೆ ಎಲ್ಲೆಲ್ಲಿ ನೋವಿತ್ತೋ.”

ನಾನು ಏನು ಸಮಾಧಾನ ಹೇಳಿದೆನೋ ನೆನಪಿಲ್ಲ. ಏನಾದರೂ ಹೇಳಿದ್ದರೆ ಅದು ಹೇಳಬೇಕಾದ್ದಕ್ಕಿಂತ ಕಡಿಮೆಯದೇ ಆಗಿರುತ್ತದೆ.

ಜೂನ್‌ನಲ್ಲಿ ಶಾಲೆ ತೆರೆದಾಗ ಅಕ್ಕ ಹೆಡ್‌ಮಾಸ್ಟರ ಕೋಣೆಗೆ ಹೋಗಿ, ನನ್ನ ತರಗತಿ ಕೊಡಿ ಎಂದರು. ಅವರು ಬಹಳ ಹೊತ್ತು ಕನ್ನಡಕ ಒರೆಸಿಕೊಂಡು, “ಒಂದು ಪಿರಿಯಡ್ ತಗೊಳ್ಳಿ ಮೇಡಂ. ನಾನು ಹಿಂದೆ ಕೂತಿರ್ತೀನಿ. ಮೇಜು ಹಿಡಿಯದೆ ನಿಂತು ಮುಗಿಸಿದ್ರೆ ಈ ವರ್ಷ ನೀವೇ. ಇಲ್ಲಾಂದ್ರೆ ನನ್ನ ಮೇಲೆ ಬೇಜಾರು ಮಾಡ್ಕೋಬಾರದು” ಎಂದರು. ಹೊಸ ಹುಡುಗಿ ಬಾಗಿಲ ಹೊರಗೆ ನಿಂತಿದ್ದಳು, ಅವಳ ಕೈಯಲ್ಲಿ ಹಾಜರಿ ಪುಸ್ತಕವಿತ್ತು. ಅವಳಿಗೂ ಆ ಕೆಲಸ ಬೇಕಿತ್ತು. ಅದನ್ನು ಮರೆತು ಈ ಕಥೆ ಹೇಳಬಾರದು.

ಪಾಠ ಭೂಮಿಯ ಚಲನೆಗಳು. ಅಕ್ಕನೇ ಆರಿಸಿಕೊಂಡದ್ದು.

ಆ ಪಿರಿಯಡ್ ನನಗೆ ಬಿಡುವಿತ್ತು. ನಾನು ಕಿಟಕಿಯ ಹತ್ತಿರ ನಿಂತಿದ್ದೆ. ಈಗ ಸಾಕ್ಷಿಗಳ ವಿಷಯ. ಹೆಡ್‌ಮಾಸ್ಟರಿಗೆ ಮೊನ್ನೆ ಫೋನ್ ಮಾಡಿ ಕೇಳಿದೆ. ಒಮ್ಮೆಯೂ ಮೇಜು ಮುಟ್ಟಲಿಲ್ಲ ಎಂದರು. ಆ ತರಗತಿಯಲ್ಲಿದ್ದ ಒಬ್ಬಳು ಈಗ ಆಂಡರ್ಸನ್‌ಪೇಟೆಯಲ್ಲಿ ಹೊಲಿಗೆ ಅಂಗಡಿ ಇಟ್ಟಿದ್ದಾಳೆ. ಅವಳು, “ಪೂರಾ ಇಡ್ಕೊಂಡಿದ್ರು ಮಿಸ್, ಸೆರಗು ಮೇಲೆ ಆಕಿದ್ರು, ಕೈ ಕಾಣ್ತಿರ್ಲಿಲ್ಲ. ಸಾರ್‌ಗೆ ಕಾಣ್ತು, ಏನೂ ಏಳ್ಲಿಲ್ಲ” ಎಂದಳು. ಕಿಟಕಿಯಲ್ಲಿ ನಿಂತಿದ್ದ ನನಗೆ ಅವರ ಕೈ ನೆನಪೇ ಇಲ್ಲ. ಹೆಡ್‌ಮಾಸ್ಟರು ಎದ್ದು ಹೋಗುವಾಗ ಹೊಸ ಹುಡುಗಿಯ ಕೈಯಿಂದ ಹಾಜರಿ ಪುಸ್ತಕ ತೆಗೆದುಕೊಂಡು ಅಕ್ಕನ ಮೇಜಿನ ಮೇಲಿಟ್ಟರು. ಅದಕ್ಕೆ ಎಲ್ಲರೂ ಸಾಕ್ಷಿ. ವಯಸ್ಸಾಗಿ ತಾವೇ ಬಿಡುವ ತನಕ ಅಕ್ಕ ಆ ತರಗತಿಯಲ್ಲೇ ಇದ್ದರು. ಹೊಸ ಹುಡುಗಿಗೆ ಬೇರೆಡೆ ಕೆಲಸ ಸಿಕ್ಕಲು ತಡವಾಯಿತು.

ಆ ಪಿರಿಯಡ್ ಶುರುವಾದ ಬಗೆಯ ಬಗ್ಗೆ ಮಾತ್ರ ಮೂವರಲ್ಲೂ ಭೇದವಿಲ್ಲ.

ಅಕ್ಕ ಬೋರ್ಡಿನ ಮೇಲೆ ಏನೂ ಬರೆಯಲಿಲ್ಲ. “ಪುಸ್ತಕ ಮುಚ್ಚಿ,” ಎಂದರು. “ಕಿಟಕಿ ಕಡೆ ನೋಡಿ. ಬೆಳಗ್ಗೆಯಿಂದ ಸಂಜೆ ತನಕ ಆಕಾಶದಲ್ಲಿ ಏನಾಗುತ್ತೆ? ನಿಮಗೆ ಕಾಣೋದನ್ನ ಹೇಳಿ.”

ಯಾರೂ ಬಾಯಿ ಬಿಡಲಿಲ್ಲ. ಅವರ ತರಗತಿಯಲ್ಲಿ ಏನನ್ನು ಹೇಳಬಾರದು ಎಂದು ಎಲ್ಲರಿಗೂ ಗೊತ್ತಿತ್ತು. ಅಣ್ಣಂದಿರು ಅಕ್ಕಂದಿರು ಹೇಳಿ ಕಳಿಸಿರುತ್ತಿದ್ದರು. ಹೆಡ್‌ಮಾಸ್ಟರು ಗಡಿಯಾರ ನೋಡಿದರು. ಮೇಡಂಗೆ ಪಾಠ ಮರೆತುಹೋಗಿದೆ ಎಂದುಕೊಂಡರಂತೆ.

“ಹೇಳಿ. ನಾನು ಕಾಯ್ತೀನಿ.”

ಕಾದರು. ಅವರು ಯಾರಿಗಾದರೂ ಕಾದದ್ದನ್ನು ನಾನು ನೋಡಿದ್ದು ಅದೇ ಮೊದಲು.

ಕೊನೆಗೆ ಮುಂದಿನ ಬೆಂಚಿನ ಒಬ್ಬಳು ಎದ್ದಳು. ಸೀಮೆಸುಣ್ಣ ತಪ್ಪಿಸಿಕೊಳ್ಳಲು ಒಂದು ಕೈಯನ್ನು ಆಗಲೇ ಮುಖಕ್ಕೆ ಅಡ್ಡ ಹಿಡಿದಿದ್ದಳು.

“ಸೂರ್ಯ ಸುತ್ತುತ್ತೆ ಮಿಸ್. ಈ ಕಡೆಯಿಂದ ಆ ಕಡೆಗೆ.”

ಅಕ್ಕ ಕಿಟಕಿಯ ಆಚೆ, ಬಿಸಿಲಿನ ಕಡೆಗೆ, ಕತ್ತೆತ್ತಿ ನೋಡಿದರು.

“ಊಂ,” ಎಂದರು. “ನಂಗೂ ಅಂಗೇ ಕಾಣ್ತದೆ.”